ದಿನಕರ ದೇಸಾಯಿಯವರನ್ನು 'ಚುಟುಕು ಬ್ರಹ್ಮ' ಎನ್ನುವುದೇಕೆ? ಅವರ ಚುಟುಕದ ಕಟ್ಟು ಎಂಥದು?

ಸಾವಿರಾರು ಚುಟುಕ ಬರೆದು ಆ ಪ್ರಕಾರವನ್ನು ಕನ್ನಡದಲ್ಲಿ ಮನೆಮಾತಾಗಿಸಿದರು ಎಂಬುದು ನೇರ ಉತ್ತರ. ಆದರೆ ಆ ಚುಟುಕಗಳ ವಿಡಂಬನೆಗೆ ತೂಕ ಬಂದದ್ದು ಅವರ ಬದುಕಿನಿಂದ. ಉತ್ತರ ಕನ್ನಡದ ದೇಸಾಯಿಯವರು (1909–1982) ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದ (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ಸದಸ್ಯರಾಗಿ ಗೇಣಿದಾರರನ್ನು ಸಂಘಟಿಸಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಶಾಲೆ ತಂದರು, 1967ರಲ್ಲಿ ಲೋಕಸಭೆಗೆ ಆಯ್ಕೆಯಾದರು. ರಾಜಕಾರಣಿ, ಲಂಚಕೋರ, ಜಮೀನ್ದಾರರನ್ನು ಹತ್ತಿರದಿಂದ ಕಂಡವರ ಬರಹ ಅದು.

ಕಟ್ಟು ಸರಳ: ನಾಲ್ಕು ಸಾಲು, ಎರಡೆರಡು ಸಾಲಿಗೆ ಅಂತ್ಯಪ್ರಾಸ, ಆಡುಮಾತಿಗೆ ಹತ್ತಿರದ ನುಡಿ. ಮೊದಲೆರಡು ಸಾಲು ಎಲ್ಲರೂ ಒಪ್ಪುವ ಸಂಗತಿಯನ್ನು ಹೇಳುತ್ತವೆ, ಮೂರನೆಯದು ತಿರುವಿಗೆ ಅಣಿಮಾಡುತ್ತದೆ, ಪೆಟ್ಟು ಬೀಳುವುದು ನಾಲ್ಕನೆಯದರಲ್ಲಿ. ಅನುಕರಿಸಿದವರು ಎಡವುವುದೂ ಇಲ್ಲೇ. ಪೆಟ್ಟನ್ನು ಮೂರನೇ ಸಾಲಿನಲ್ಲೇ ಬಿಟ್ಟುಕೊಟ್ಟರೆ ಕೊನೆಯ ಸಾಲು ಬರೀ ಪ್ರಾಸ ತುಂಬಲು ಉಳಿಯುತ್ತದೆ. ಬರೆಯುವವರು ನಾಲ್ಕನೇ ಸಾಲನ್ನು ಮೊದಲು ಹೊಂದಿಸಿ, ಅದರ ಕೊನೆಯ ಪದಕ್ಕೆ ಸಹಜವಾಗಿ ಕೂಡುವ ಪ್ರಾಸವನ್ನು ಮೂರನೆಯದಕ್ಕೆ ಹುಡುಕುವುದು ಒಳ್ಳೆಯದು.

'ಗಂಟೆಯ ನೆಂಟನೆ ಓ ಗಡಿಯಾರ' ಎಂಬ ಮಕ್ಕಳ ಪದ್ಯವೂ ಇವರದೇ. ಓದಲು 'ದಿನಕರನ ಚೌಪದಿ' ಎಂಬ ಚುಟುಕ ಸಂಕಲನದಿಂದ ಆರಂಭಿಸಿ.