ನಾಲಿಗೆಕಲ್ಲುಗಳನ್ನು ಶಾರ್ಕ್ ಹಲ್ಲುಗಳೆಂದು ಮೊದಲು ಗುರುತಿಸಿದವರು ಯಾರು?

ಮಾಲ್ಟಾ ದ್ವೀಪದಲ್ಲಿ ಸಿಗುವ ನಾಲಿಗೆಯಾಕಾರದ ಪಳೆಯುಳಿಕೆಗಳಾದ ನಾಲಿಗೆಕಲ್ಲುಗಳು ಶಾರ್ಕ್ ಹಲ್ಲುಗಳೆಂದು ಮೊದಲು ಕಂಡುಕೊಂಡವರು ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ಸ್ಟೆನೊ ಅವರೇ ಅಲ್ಲವೇ ಎಂದು ತಾವು ಪ್ರಶ್ನಿಸಿದ್ದೀರಿ. ಅಲ್ಲ, ಇಟಲಿಯ ಫಾಬಿಯೊ ಕೊಲೊನ್ನಾ 1616ರಲ್ಲೇ ಹಾಗೆಂದು ವಾದಿಸಿ ಬರೆದಿದ್ದರು. ಆದರೂ ಸ್ಟೆನೊ ಅವರ ಹೆಸರು ಉಳಿದುಕೊಂಡದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. 1666ರಲ್ಲಿ ಲಿವೊರ್ನೊ ಬಳಿ ಸಿಕ್ಕಿದ ಭಾರೀ ಶಾರ್ಕಿನ ತಲೆಯನ್ನು ಫ್ಲಾರೆನ್ಸಿನಲ್ಲಿ ಛೇದಿಸಿ ನೋಡಿದ ಅವರು, ಮರುವರ್ಷ ಪ್ರಕಟಿಸಿದ ಬರಹದಲ್ಲಿ ಹಲ್ಲಿಗೂ ಕಲ್ಲಿಗೂ ಇರುವ ಹೋಲಿಕೆಯನ್ನಷ್ಟೇ ಹೇಳಿ ನಿಲ್ಲದೆ, ಅವು ನೆಲದೊಳಗೆ ಸೇರಿದ್ದು ಹೇಗೆ ಎಂಬುದನ್ನೂ ಕೈಗೆತ್ತಿಕೊಂಡರು. ಗಟ್ಟಿ ನೆಲದಲ್ಲಿ ಇಳಿಯುವ ಮರದ ಬೇರು ಅಮುಕಿಸಿಕೊಂಡು ಸೊಟ್ಟಗಾಗುತ್ತದೆ. ಈ ಕಲ್ಲುಗಳಾದರೋ ಎಲ್ಲೆಡೆ ಒಂದೇ ಆಕಾರದಲ್ಲಿವೆ. ಆದ್ದರಿಂದ ಅವು ಅಲ್ಲಿ ಬೆಳೆದವಲ್ಲ, ನೀರಿನಡಿಯ ಮೆತ್ತನೆಯ ಕೆಸರಿನಲ್ಲಿ ಹೂತುಹೋದವು ಎಂಬ ಆ ತರ್ಕ ಇಂದಿಗೂ ಎಷ್ಟು ಸೊಗಸಾಗಿದೆ!

ಹಲ್ಲುಗಳೇ ಏಕೆ ಹೆಚ್ಚು ಸಿಗುತ್ತವೆ ಎಂದೂ ಕೇಳಿದ್ದೀರಿ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಬೇಗ ಕೊಳೆಯುತ್ತದೆ; ಹಲ್ಲುಗಳು ಗಟ್ಟಿ, ಮೇಲಾಗಿ ಜೀವಮಾನವಿಡೀ ಉದುರಿ ಹೊಸದಾಗಿ ಬರುತ್ತಲೇ ಇರುತ್ತವೆ. 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಮಹಾಗ್ರಂಥವನ್ನು ಹೊರತಂದ ಸ್ವಿಟ್ಜರ್‌ಲೆಂಡಿನ ಲೂಯಿ ಅಗಾಸಿ, ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್‌ಗೆ ಹೆಸರಿಟ್ಟದ್ದೂ ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿರುವ ಅದರ ಹಲ್ಲುಗಳನ್ನು ನೋಡಿಯೇ.