ಏರ್‌ಬ್ರಷ್ ತಂದ ಮೇಲೂ ನನ್ನ ಸ್ಪಿಟ್‌ಫೈರ್ ಹಾಳಾಯಿತು

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಪ್ಲಾಸ್ಟಿಕ್ ಮಾದರಿಗೆ (1/72 ಅಳತೆಯದು, ಅಂದರೆ ನಿಜವಾದದ್ದರ 72ನೇ ಒಂದು ಭಾಗ) ಬ್ರಷ್‌ನಲ್ಲಿ ಬಳಿದರೆ ಗೆರೆ ಬೀಳುತ್ತಿದೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳಲೇ, ಸ್ಪ್ರೇ ಕ್ಯಾನ್ ಸಾಕೇ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತು ನಾನೂ ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಕೊನೆಗೆ ದುಡ್ಡು ಕೂಡಿಸಿ ಏರ್‌ಬ್ರಷ್, ಕಂಪ್ರೆಸರ್ ಎರಡನ್ನೂ ತಂದೆ. ವಿಮಾನ ಆಮೇಲೂ ಹಾಳಾಯಿತು.

ನನ್ನದೂ ಸ್ಪಿಟ್‌ಫೈರ್ ಮಾರ್ಕ್ 1, 1940ರ ಬೇಸಿಗೆಯ ಬಣ್ಣದ್ದು. ಮೇಲೆ ಡಾರ್ಕ್ ಅರ್ಥ್ ಮತ್ತು ಡಾರ್ಕ್ ಗ್ರೀನ್, ಹೊಟ್ಟೆಗೆ ಸ್ಕೈ ಅನ್ನುವ ತಿಳಿ ಹಸಿರು. ಕಟ್ಟುವಾಗ ಅವಸರ ಮಾಡಲಿಲ್ಲ. ಮೈಯ ಎರಡು ಹೋಳು ಕೂಡುವ ಗೆರೆಗೆ ಪುಟ್ಟಿ ತುಂಬಿ, ಉಪ್ಪುಕಾಗದ ನೆನೆಸಿ ಉಜ್ಜಿ, ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳದ ಕೋಟ್) ಹೊಡೆದು, ಬೆಳಕಿಗೆ ಹಿಡಿದು, ಮತ್ತೆ ಉಜ್ಜಿದೆ. ಕಾಕ್‌ಪಿಟ್‌ನ ಗಾಜಿನ ಹತ್ತಿರ ಸೂಪರ್ ಗ್ಲೂ ಸುಳಿಯಗೊಡಲಿಲ್ಲ, ಅದರ ಹಬೆಗೆ ಗಾಜು ಮಂಜುಗಟ್ಟುತ್ತದೆ. ಮರಗೆಲಸದ ಬಿಳಿ ಅಂಟಿನಲ್ಲೇ ಕೂರಿಸಿದೆ. ಏರ್‌ಬ್ರಷ್‌ನಲ್ಲಿ ಹೊಡೆದ ಬಣ್ಣ ಮಖಮಲ್ಲಿನ ಹಾಗೆ ಕೂತಿತ್ತು. ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಒಂದು ಗೆರೆ ಇಲ್ಲ.

ಅದೇ ರಾತ್ರಿ ಆ ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೆಕಾಲ್ ಅಂಟಿಸಿದೆ, ಅಂದರೆ ನೀರಿನಲ್ಲಿ ನೆನೆಸಿ ಕೂರಿಸುವ, ಅಕ್ಷರ-ಗುರುತು ಅಚ್ಚಾದ ತೆಳು ಹಾಳೆ. ತಪ್ಪು ಇದೊಂದೇ.

ಯಾಕೆ ತಪ್ಪು ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಿರಲಿಲ್ಲ. ಬಣ್ಣ ಮ್ಯಾಟ್ ಆಗಿ ಕಾಣುವುದೇ ಅದರ ಮೈ ತರಿತರಿಯಾಗಿರುವುದರಿಂದ. ಬಿದ್ದ ಬೆಳಕು ಆ ತರಿಗಳಿಗೆ ತಾಗಿ ದಿಕ್ಕಾಪಾಲಾಗುತ್ತದೆ, ಹೊಳಪು ಕಾಣುವುದಿಲ್ಲ. ಕಣ್ಣಿಗೆ ನುಣುಪು, ಡೆಕಾಲ್‌ನ ತೆಳು ಹಾಳೆಗೆ ಮಾತ್ರ ಅದು ಹಳ್ಳದಿಣ್ಣೆ. ಹಾಳೆ ದಿಣ್ಣೆಗಳ ತುದಿಯ ಮೇಲೆ ನಿಲ್ಲುತ್ತದೆ, ಕೆಳಗಿನ ಹಳ್ಳಗಳಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿಯಿಂದ ತಿರುಗಿದ ಬೆಳಕು ಬೆಳ್ಳಿಯ ಪೊರೆಯ ಹಾಗೆ ಕಾಣುತ್ತದೆ. ಸಿಲ್ವರಿಂಗ್ ಅನ್ನುವುದು ಇದನ್ನೇ. ಮೋಸ ಎಲ್ಲಿದೆ ಅಂದರೆ, ಅಂಟಿಸುವ ಹೊತ್ತಿಗೆ ಹಳ್ಳಗಳಲ್ಲಿ ನೀರು ತುಂಬಿರುತ್ತದೆ, ಹಾಗಾಗಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೀರು ಆರಿತ್ತು. ಸ್ಕ್ವಾಡ್ರನ್‌ನ ಅಕ್ಷರಗಳ ಸುತ್ತ, ರೌಂಡೆಲ್‌ಗಳ (ವಾಯುಪಡೆಯ ದುಂಡು ಗುರುತುಗಳ) ಅಂಚಿನಲ್ಲಿ, ಎಲ್ಲೆಲ್ಲೂ ಬೆಳ್ಳಿ. ಬಣ್ಣ ಬಳಿದ ಅಕ್ಷರ ಹೋಗಿ ಸ್ಟಿಕ್ಕರ್ ಆಗಿತ್ತು.

ಆಗಲೂ ದಾರಿ ಇತ್ತು. ಸೂಜಿಯ ಮೊನೆಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರವವನ್ನು ಹಚ್ಚಿದ್ದರೆ ಅದು ಒಳಗಿಳಿದು ಹಾಳೆ ಬಹುಪಾಲು ಕೂರುತ್ತಿತ್ತು. ನಾನು ಮ್ಯಾಟ್ ವಾರ್ನಿಷ್ ಹೊಡೆದರೆ ಮುಚ್ಚಿಹೋದೀತು ಅಂದುಕೊಂಡು ಅದನ್ನು ಹೊಡೆದೆ, ಬೆಳ್ಳಿ ಒಳಗೇ ಸೀಲ್ ಆಯಿತು. ಡೆಕಾಲ್ ತೆಗೆಯಲೆಂದು ಟೇಪ್ ಹಚ್ಚಿ ಕಿತ್ತಾಗ ಅಕ್ಷರದ ಜೊತೆ ಬಣ್ಣವೂ ಎದ್ದು ಬಂತು. ಆ ಹೊತ್ತು ಬಹಳ ಅತ್ತುಕೊಂಡೆ, ಎರಡು ತಿಂಗಳ ಕೆಲಸ ಅದು.

ಆಗಬೇಕಿದ್ದ ಕ್ರಮ ಇಷ್ಟೇ: ಬಣ್ಣ ಪೂರ್ತಿ ಒಣಗಬೇಕು, ಮೇಲೆ ಹೊಳಪಿನ ವಾರ್ನಿಷ್ ಬಂದು ಹಳ್ಳ ತುಂಬಬೇಕು, ಅದೂ ಒಣಗಿದ ಮೇಲೆ ಡೆಕಾಲ್, ಕಟ್ಟಕಡೆಗೆ ಮ್ಯಾಟ್ ವಾರ್ನಿಷ್. ವಿಮಾನ ಗಾಜಿನ ಬೊಂಬೆಯ ಹಾಗೆ ಹೊಳೆಯುವಾಗ ಗಾಬರಿಯಾಗುತ್ತದೆ, ಆಗಬೇಡಿ, ಕೊನೆಯ ಮ್ಯಾಟ್ ಅದನ್ನೆಲ್ಲ ತೆಗೆಯುತ್ತದೆ.

ಈಗ ನಿಮ್ಮ ಗೆರೆಯ ವಿಷಯ. ಏರ್‌ಬ್ರಷ್ಷೋ ಸ್ಪ್ರೇ ಕ್ಯಾನೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಬಣ್ಣ ದಪ್ಪವಾಗಿದೆ, ಅಷ್ಟೇ. ನಿಜವಾದ ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 11.23 ಮೀಟರ್, ನಿಮ್ಮ ಕೈಯಲ್ಲಿರುವುದು 15.6 ಸೆಂಟಿಮೀಟರ್. ಅದರ ಮೇಲೆ 0.1 ಮಿಲಿಮೀಟರ್ ಬಣ್ಣ ನಿಂತರೂ ನಿಜವಾದ ವಿಮಾನಕ್ಕೆ 7 ಮಿಲಿಮೀಟರ್ ಮೆತ್ತಿದ ಲೆಕ್ಕ. ಬಣ್ಣವನ್ನು ಹಾಲಿನಷ್ಟು ತೆಳು ಮಾಡಿ, ಚಪ್ಪಟೆ ಬ್ರಷ್ ಹಿಡಿಯಿರಿ. ಮೊದಲ ಕೋಟ್‌ನಲ್ಲಿ ಕೆಳಗಿನ ಪ್ರೈಮರ್ ಕಾಣಲೇಬೇಕು, ಕಾಣದಿದ್ದರೆ ದಪ್ಪವಾಯಿತು ಅಂತಲೇ ಅರ್ಥ. ಅರ್ಧ ಒಣಗಿದ ಜಾಗಕ್ಕೆ ಬ್ರಷ್ ವಾಪಸ್ ಒಯ್ಯಬೇಡಿ, ಗೆರೆ ಹುಟ್ಟುವುದು ಅಲ್ಲೇ. ಒಣಗಿದ ಮೇಲೆ ಮುಂದಿನ ಕೋಟ್ ಅಡ್ಡಡ್ಡ ಎಳೆಯಿರಿ. ಮೂರೋ ನಾಲ್ಕೋ ಕೋಟ್ ಬೇಕಾಗುತ್ತದೆ. ನನ್ನ ಎರಡನೇ ಸ್ಪಿಟ್‌ಫೈರ್ ಪೂರ್ತಿ ಬ್ರಷ್‌ನದು, ಕಪಾಟಿನಲ್ಲಿ ಮುಂದೆ ನಿಂತಿರುವುದು ಅದೇ. ಸ್ಪ್ರೇ ಕ್ಯಾನ್ ಇದ್ದರೆ ಪ್ರೈಮರ್‌ಗೆ ಬಳಸಿ.

ಗೆರೆ ಬಿದ್ದಿರುವ ಆ ರೆಕ್ಕೆಯನ್ನು ದಯವಿಟ್ಟು ಬಿಸಾಡಬೇಡಿ. ಎರಡು ದಿನ ಮುಟ್ಟದೆ ಬಿಡಿ, 2000 ನಂಬರಿನ ಉಪ್ಪುಕಾಗದ ನೆನೆಸಿ ಹಗುರವಾಗಿ ಉಜ್ಜಿ. ಬೆರಳಿಗೆ ಗೆರೆ ಸಿಗದಂತಾದ ಮೇಲೆ ತೆಳು ಕೋಟ್ ಶುರು ಮಾಡಿ.