ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಅಣ್ಣನನ್ನು ಕರೆದುಕೊಂಡು ಹೋದರೆ ಬೀಗ ಹಾಕಿತ್ತು ಅಂದಿರಲ್ಲ

ವಿಳಾಸ ಸರಿಯೇ ಇರಬೇಕು, ಬಹುಶಃ ಹೊತ್ತು ತಪ್ಪಿದೆ. ಈ ಗುಂಪುಗಳಿಗೆ ಸಾಮಾನ್ಯವಾಗಿ ಸ್ವಂತ ಜಾಗ ಇರಲ್ಲ. ಚರ್ಚಿನದೋ ಶಾಲೆಯದೋ ಕೋಣೆಯಲ್ಲಿ ಗಂಟೆ, ಒಂದೂವರೆ ಗಂಟೆ ಸೇರುತ್ತಾರೆ, ಆಮೇಲೆ ಬೀಗ.

ಹೊರಡುವ ಮೊದಲು ಎಎ ಇಂಡಿಯಾ ವೆಬ್‌ಸೈಟಿನ ಸಹಾಯವಾಣಿಗೆ ಫೋನ್ ಮಾಡಿ. ಇವತ್ತು ಮೀಟಿಂಗ್ ಇದೆಯಾ, ಕನ್ನಡದಲ್ಲಾ, ಓಪನ್ನಾ ಕ್ಲೋಸ್ಡಾ ಅಂತ ಕೇಳಿ. ಓಪನ್ ಆದರೆ ನೀವೂ ಕೂರಬಹುದು. ಕ್ಲೋಸ್ಡ್ ಆದರೆ ಅಣ್ಣ ಮಾತ್ರ.

ಫೀಸಿಲ್ಲ. ಕಾಣಿಕೆ ಡಬ್ಬಿ ಬಂದರೆ ಸುಮ್ನೆ ಪಕ್ಕಕ್ಕೆ ದಾಟಿಸಿ. ಮಾತಾಡುವ ಸರದಿ ಬಂದಾಗ 'ಇವತ್ತು ಕೇಳ್ತೀನಿ ಅಷ್ಟೇ' ಅಂದರೆ ಯಾರೂ ಒತ್ತಾಯ ಮಾಡಲ್ಲ.

ಅಣ್ಣ ದಿನಾ ಜಾಸ್ತಿ ಕುಡಿಯುವವರಾ? ಹಾಗಿದ್ದರೆ ಒಮ್ಮೆಲೇ ನಿಲ್ಲಿಸೋದು ಬೇಡ, ಫಿಟ್ಸ್ ಬರಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಬೆಂಗಳೂರಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.